ಐದೂವರೆ ಗಂಟೆಯ ಲೆಕ್ಕ: ಒಂದು ತಪ್ಪು ಉತ್ತರದಿಂದ ಕಲಿತದ್ದು

ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ನನ್ನ ವಿಷಯ ಗಣಿತ ಮತ್ತು ವಿಜ್ಞಾನ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಒಂಬತ್ತನೇ ತರಗತಿಯ ಆ ಅವಧಿಯನ್ನು ನನಗೆ ವಹಿಸಿದರು. ಪಾಠಯೋಜನೆ ಸಿದ್ಧವಿರಲಿಲ್ಲ. ಮಕ್ಕಳ ಕೈಗೆ ಚೀಟಿ ಕೊಟ್ಟು, ‘ನಮ್ಮ ದೇಶದ ಬಗ್ಗೆ ನಿಮಗೆ ಯಾರೂ ಹೇಳದ, ಆದರೆ ತಿಳಿಯಬೇಕೆನಿಸುವ ಒಂದು ಪ್ರಶ್ನೆ ಬರೆಯಿರಿ’ ಎಂದೆ.

ಮೊದಲು ತೆರೆದ ಚೀಟಿಯಲ್ಲಿ ಹೀಗಿತ್ತು: ‘ನಮ್ಮ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಐದೂ ಅಲ್ಲ, ಆರೂ ಅಲ್ಲ, ಅರ್ಧ ಯಾಕೆ?’

‘ದೆಹಲಿ ರಾಜಧಾನಿ, ಅಲ್ಲಿನ ಸಮಯವನ್ನೇ ದೇಶಕ್ಕೆಲ್ಲ ಇಟ್ಟುಕೊಂಡಿದ್ದಾರೆ’ ಎಂದು ತಡವರಿಸದೆ ಹೇಳಿಬಿಟ್ಟೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಟ್ಲಾಸ್ ಹಿಡಿದು ಎದ್ದಳು. ‘ಮಿಸ್, ದೆಹಲಿ 77 ಡಿಗ್ರಿಲಿ ಇದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂತ ನೀವೇ ಹೇಳಿದ್ರಿ. ಲೆಕ್ಕ ಕೂಡಿ ಬರ್ತಾ ಇಲ್ಲ.’

77ನ್ನು 4ರಿಂದ ಗುಣಿಸಿದರೆ 308 ನಿಮಿಷ, ಅಂದರೆ 5 ಗಂಟೆ 8 ನಿಮಿಷ. ಅವಳ ಲೆಕ್ಕ ಸರಿಯಾಗಿತ್ತು. ಕೊನೆಯ ಸಾಲಿನಲ್ಲಿ ನನ್ನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ‘ಅದೆಲ್ಲ ಆಮೇಲೆ ನೋಡೋಣ, ಕೂತ್ಕೊ’ ಎಂದೆ. ಅವಳು ಕುಳಿತಳು. ಆ ಅವಧಿ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ. ಉಪನ್ಯಾಸಕರು ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಇಂದು ಒಳ್ಳೆಯ ಪಾಠವನ್ನು ಆ ವಿದ್ಯಾರ್ಥಿನಿ ಮಾಡಿದಳು.’

ಮರುದಿನ ತರಗತಿಯಲ್ಲಿ, ‘ನಿನ್ನೆ ನಾನು ಹೇಳಿದ್ದು ತಪ್ಪು. ಲೆಕ್ಕ ಹಾಕಿ ತೋರಿಸಿದವಳೇ ಸರಿ’ ಎಂದು ಶುರುಮಾಡಿದೆ. ಅವಳನ್ನೇ ಕರಿಹಲಗೆಗೆ ಕರೆದು, ಲೆಕ್ಕವನ್ನು ತಿರುಗಿಸಿ ಮಾಡಲು ಹೇಳಿದೆ. ಐದೂವರೆ ಗಂಟೆ ಎಂದರೆ 330 ನಿಮಿಷ. 4ರಿಂದ ಭಾಗಿಸಿದರೆ 82.5. ಆ ರೇಖಾಂಶ ಎಲ್ಲಿ ಹಾದುಹೋಗುತ್ತದೆ ಎಂದು ಮಕ್ಕಳೇ ಅಟ್ಲಾಸಿನಲ್ಲಿ ಹುಡುಕಿದರು. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ನಮ್ಮ ದೇಶ ಸುಮಾರು 68ರಿಂದ 97 ಡಿಗ್ರಿ ಪೂರ್ವ ರೇಖಾಂಶದವರೆಗೆ ಹರಡಿದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 82.5. ಹೀಗೆ ದೇಶದ ನಡುವಿನ ರೇಖೆಯ ಸಮಯ ಎಲ್ಲರ ಸಮಯವಾಗಿದೆ. ರಾಜಧಾನಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮೊದಲು ಯಾವ ಸಮಯವಿತ್ತು? ಈ ಪ್ರಶ್ನೆಗೆ ಉತ್ತರ ರೈಲಿನಲ್ಲಿದೆ. 1853ರ ಏಪ್ರಿಲ್ 16ರಂದು ಮುಂಬೈನ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದಾಗ ಊರೂರಿನ ಗಡಿಯಾರ ಬೇರೆಬೇರೆ. ಎತ್ತಿನ ಗಾಡಿಯಲ್ಲಿ ಹೋಗುವವರಿಗೆ ಹತ್ತು ನಿಮಿಷದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳಿಗೆ ಅದೇ ಪ್ರಾಣಾಪಾಯ. ಮುಂಬೈ ಮತ್ತು ಕಲ್ಕತ್ತಾ ಸಮಯಗಳ ನಡುವೆಯೇ ಸುಮಾರು ಒಂದು ಗಂಟೆಯ ಅಂತರವಿತ್ತು. ಇವೆರಡರ ನಡುವೆ ಬರುವ, ಖಗೋಳ ವೀಕ್ಷಣಾಲಯವೂ ಇದ್ದ ಮದ್ರಾಸಿನ ಸಮಯವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ರೈಲುಗಳು ಬಳಸಿದವು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಆದರೂ ಕಲ್ಕತ್ತಾ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ಸಮಯವನ್ನು ಬಿಡಲಿಲ್ಲ. ‘ಅಲ್ಲಿಯವರು ರೈಲು ತಪ್ಪಿಸ್ಕೋತಿರಲಿಲ್ವಾ ಮಿಸ್?’ ಎಂದು ಒಬ್ಬ ಕೇಳಿದಾಗ ತರಗತಿಯೇ ನಕ್ಕಿತು.

ಕೊನೆಗೆ ಅಂಗಳಕ್ಕೆ ಹೋದೆವು. ಅದು ಸೆಪ್ಟೆಂಬರ್ ಮೊದಲ ವಾರ. ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆದೆವು. ಗಡಿಯಾರದಲ್ಲಿ 12 ಆದಾಗ ನೆರಳು ಸುಮಾರು 14 ಸೆಂ.ಮೀ., 12.25ರ ಹೊತ್ತಿಗೆ 10 ಸೆಂ.ಮೀ., 12.45ಕ್ಕೆ ಮತ್ತೆ 14. ಅಂದರೆ ನಮ್ಮೂರಿನ ನಿಜವಾದ ನಡುಹಗಲು 12ಕ್ಕಲ್ಲ. ನಮ್ಮ ಶಾಲೆ ಸುಮಾರು 76.5 ಡಿಗ್ರಿಯಲ್ಲಿದೆ. 82.5ಕ್ಕೆ ಆರು ಡಿಗ್ರಿ ಕಡಿಮೆ, ಆರು ನಾಲ್ಕಲಿ ಇಪ್ಪತ್ತನಾಲ್ಕು ನಿಮಿಷ. (ವರ್ಷದ ಬೇರೆ ತಿಂಗಳುಗಳಲ್ಲಿ ಇದು ಕೆಲವು ನಿಮಿಷ ಆಚೀಚೆ ಆಗುತ್ತದೆ, ಚಟುವಟಿಕೆ ಮಾಡುವವರು ಗಮನಿಸಬೇಕು.)

ಇನ್ನೊಂದು ಚೀಟಿಯಲ್ಲಿ, ‘ಓಟು ಹಾಕಿದಾಗ ಹಚ್ಚುವ ಶಾಯಿ ಯಾಕೆ ಅಳಿಸಲ್ಲ?’ ಎಂದಿತ್ತು. ಈ ಬಾರಿ ಉತ್ತರಕ್ಕೆ ಅವಸರಪಡಲಿಲ್ಲ. ‘ನಿಮಗೇನನ್ನಿಸುತ್ತದೆ?’ ಎಂದು ಕೇಳಿದೆ. ‘ಚರ್ಮದ ಒಳಗೆ ಹೋಗುತ್ತೆ’, ‘ಅಂಟು ಹಾಕಿರ್ತಾರೆ’ ಎಂಬ ಊಹೆಗಳನ್ನು ಹಲಗೆಯ ಮೇಲೆ ಬರೆದುಕೊಂಡು ಅಲ್ಲಿಂದ ಮುಂದುವರಿದೆ. ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದು ಚರ್ಮದ ಮೇಲಿನ ಉಪ್ಪಿನೊಂದಿಗೆ ವರ್ತಿಸಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗದು, ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಹೊರಪದರ ಉದುರಿ, ಉಗುರು ಬೆಳೆದಾಗಲೇ ಗುರುತು ಹೋಗುವುದು. 1962ರ ಚುನಾವಣೆಯಿಂದ ಬಳಕೆಯಲ್ಲಿರುವ ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಎಂದಾಗ ಮಕ್ಕಳ ಮುಖ ಅರಳಿತು.

ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನದೊಂದು ಮಾತು. ಇಂಥ ಪ್ರಶ್ನೆಗಳು ಯಾವ ವಿಷಯದ ಪಠ್ಯಪುಸ್ತಕಕ್ಕೂ ಪೂರ್ತಿ ಸೇರುವುದಿಲ್ಲ. ಐದೂವರೆ ಗಂಟೆಯಲ್ಲಿ ಗಣಿತ, ಭೂಗೋಳ, ಇತಿಹಾಸ ಮೂರೂ ಇದ್ದವು. ಗೊತ್ತಿಲ್ಲದಾಗ ‘ನಾಳೆ ಸೇರಿ ಹುಡುಕೋಣ’ ಎನ್ನುವುದರಿಂದ ನಮ್ಮ ಅಂಕ ಕಡಿಮೆಯಾಗದು. ನಾನು ಹೆದರಿದ್ದು ವೀಕ್ಷಣಾ ಪುಸ್ತಕಕ್ಕೆ. ಆದರೆ ನಷ್ಟವಾಗುತ್ತಿದ್ದದ್ದು ಆ ಹುಡುಗಿಯ ಎತ್ತಿದ ಕೈ. ನೆರಳು ಅಳೆದ ದಿನ ಅವಳು ಮತ್ತೆ ಕೈ ಎತ್ತಿದಳು: ‘ಮಿಸ್, ಹಾಗಾದ್ರೆ ಅರುಣಾಚಲದಲ್ಲಿ ಮಧ್ಯಾಹ್ನದ ಬಿಸಿಯೂಟ ಎಷ್ಟು ಗಂಟೆಗೆ?’

ಆ ಚೀಟಿ ಇನ್ನೂ ನನ್ನ ಪಾಠಯೋಜನೆಯ ಪುಸ್ತಕದಲ್ಲಿದೆ.