ಚಾಮುಂಡಿ ಬೆಟ್ಟದಲ್ಲಿ ಪಳೆಯುಳಿಕೆ ಸಿಗುತ್ತದೆಯೇ?

ಪ್ರಶ್ನೆ: ಚಾಮುಂಡಿ ಬೆಟ್ಟದ ಕಲ್ಲಿನಲ್ಲಿ ಪುರಾತನ ಜೀವಿಗಳ ಪಳೆಯುಳಿಕೆ ಸಿಗಬಹುದೇ? (ಓದುಗರು, ಮೈಸೂರು)

ಉತ್ತರ: ಸಿಗುವುದಿಲ್ಲ. ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷಗಳ ಹಿಂದೆ ನೆಲದಾಳದ ಶಿಲಾಪಾಕ ತಣಿದು ಆದದ್ದು. ಆ ಕಾವಿನಲ್ಲಿ ಜೀವಿಯ ಗುರುತು ಉಳಿಯದು. ಪಳೆಯುಳಿಕೆಗೆ ಕೆಸರು, ಮರಳು ಪದರಗಟ್ಟಿದ ಕಲ್ಲು ಬೇಕು. ತಮಿಳುನಾಡಿನ ಅರಿಯಲೂರಿನಲ್ಲಿ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪುಗಳು ಸಿಗುವುದು ಅಂಥ ಕಲ್ಲಿನಲ್ಲೇ.

ಅಂಥ ಕಲ್ಲಿನಲ್ಲೂ ಚಿಪ್ಪಿಲ್ಲದ ಮೆತ್ತನೆಯ ಜೀವಿಗಳು ಉಳಿಯುವುದು ಬಲು ಅಪರೂಪ. ಕೆನಡಾದ ಪದರಗಲ್ಲಾದ ಬರ್ಜೆಸ್ ಶೇಲ್‌ನಲ್ಲಿ 1909ರಲ್ಲಿ ಪಳೆಯುಳಿಕೆ ತಜ್ಞ ಚಾರ್ಲ್ಸ್ ವಾಲ್ಕಾಟ್ ಅಂಥವನ್ನು ಕಂಡರು. ಸುಮಾರು 50 ಕೋಟಿ ವರ್ಷಗಳ ಹಿಂದೆ ಕಡಲಡಿಯ ನುಣುಪು ಕೆಸರು ಕುಸಿದು ಅವುಗಳನ್ನು ಥಟ್ಟನೆ ಹೂತಿತ್ತು. ಆಮ್ಲಜನಕ ತಾಗದೆ ಕೊಳೆಯುವುದು ತಡವಾಯಿತು. ಕಣ್ಣು, ಕಾಲು, ಕರುಳಿನ ಅಚ್ಚೂ ಉಳಿಯಿತು. ಪ್ರಾಣಿಲೋಕದ ಮೊದಲ ದಿನಗಳನ್ನು ನಾವು ಇಷ್ಟು ಸ್ಪಷ್ಟವಾಗಿ ಅರಿತಿರುವುದು ಇಂಥ ಪಳೆಯುಳಿಕೆಗಳಿಂದಲೇ.