ನೀರನ್ನು ನೂಕುವವರಾರು?

ಪಂಪು ನೀರನ್ನು ಹೀರುತ್ತದೆಂದು ನಾವೆಲ್ಲರೂ ಹೇಳುತ್ತೇವೆ. ಆಡುಮಾತಿಗೆ ಅಷ್ಟು ಸಾಕು. ಆದರೆ ಸಾಲ ಮಾಡಿ ಕೊಳವೆಬಾವಿ ಕೊರೆಯಿಸಿದ ರೈತನಿಗೆ ಆ ಮಾತು ದುಬಾರಿಯಾದೀತು.

ನೀರು ಹಗ್ಗವಲ್ಲ, ತುದಿ ಹಿಡಿದು ಜಗ್ಗಿದರೆ ಬರುವುದಿಲ್ಲ. ಬಾವಿಯ ದಡದಲ್ಲಿ ಕುಳಿತ ಪಂಪು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಆಗ ಬಾವಿಯ ನೀರಿನ ಮೇಲೆ ಭಾರ ಹೇರಿರುವ ವಾಯುಮಂಡಲವೇ ನೀರನ್ನು ಮೇಲಕ್ಕೆ ನೂಕುತ್ತದೆ. ಇಂಥ ಪಂಪು 18 ಮೊಳಕ್ಕಿಂತ ಮೇಲೆ ನೀರೆತ್ತಲಾರದೆಂಬ ಸಂಗತಿಯನ್ನು ಗೆಲಿಲಿಯೋ ತನ್ನ 1638ರ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಉದ್ದನೆಯ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ತುಂಡಾಗುತ್ತದೆಂದು ಅವನ ಊಹೆ. ಅಂಥ ಮೇಧಾವಿಗೂ ಹಗ್ಗದ ಭ್ರಮೆ ಬಿಡಲಿಲ್ಲ! ಅದು ಗಾಳಿಯ ಭಾರದ ಲೆಕ್ಕವೆಂದು 1644ರಲ್ಲಿ ಪಾದರಸದ ಪ್ರಯೋಗದಿಂದ ವಿವರಿಸಿದವನು ಟಾರಿಚೆಲ್ಲಿ. ಸಮುದ್ರಮಟ್ಟದಲ್ಲಿ ಈ ಮಿತಿ ಸುಮಾರು 10.3 ಮೀಟರು, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒಂದು ಮೀಟರಿನಷ್ಟು ಕಡಿಮೆ. ಕೊಳವೆಯ ಘರ್ಷಣೆ ಮುಂತಾದುವನ್ನು ಕಳೆದರೆ ಕೈಗೆ ದಕ್ಕುವುದು ಆರೇಳು ಮೀಟರು.

ಕೋಲಾರದ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಅಲ್ಲಿ ನೀರಿದ್ದೆಡೆಗೆ ಪಂಪೇ ಇಳಿಯಬೇಕು. ಸಬ್‌ಮರ್ಸಿಬಲ್ ಪಂಪು ಹೀಗೆ ಮುಳುಗಿ, ಕೆಳಗಿನಿಂದಲೇ ನೀರನ್ನು ನೂಕುತ್ತದೆ. ಆದರೆ ಅದರ ಬಾಯಿಯ ಮೇಲೆ ಸದಾ ಕೆಲವು ಅಡಿ ನೀರು ನಿಂತಿರಬೇಕು. ಇಲ್ಲವಾದರೆ ಗಾಳಿ ಒಳನುಗ್ಗುತ್ತದೆ. ಒತ್ತಡ ತೀರ ಕುಸಿದೆಡೆ ತಣ್ಣೀರೇ ಕುದಿದು ಆವಿಯ ಗುಳ್ಳೆಗಳೇಳುತ್ತವೆ, ಅವು ಒಡೆಯುವ ಪೆಟ್ಟಿಗೆ ಒಳಗಿನ ಚಕ್ರಗಳು ಸವೆಯುತ್ತವೆ. ಈ ಆಳವನ್ನು ಅಳೆಯಬೇಕಾದದ್ದು ಬೆಳಗಿನ ನಿಶ್ಚಲ ನೀರಿನಿಂದಲ್ಲ, ಪಂಪು ಕೆಲವು ಗಂಟೆ ಓಡಿದ ಮೇಲೆ ಇಳಿದು ನಿಂತ ಮಟ್ಟದಿಂದ.

ನೀರಿನಲ್ಲಿ ಮುಳುಗಿದ್ದೂ ಮೋಟಾರು ಸುಟ್ಟಿತೇಕೆಂದು ರೈತಮಿತ್ರರೊಬ್ಬರು ನನ್ನನ್ನು ಕೇಳಿದ್ದುಂಟು. ಈ ಪಂಪುಗಳಲ್ಲಿ ಮೋಟಾರು ಕೆಳಗೆ, ನೀರು ಸೇರುವ ಬಾಯಿ ಅದರ ಮೇಲೆ. ಕೆಳಗಿನಿಂದ ಬರುವ ನೀರು ಮೋಟಾರಿನ ಮೈಸವರಿ ತಂಪೆರೆಯುತ್ತ ಬಾಯಿಗೆ ಏರುತ್ತದೆ. ನೀರಿನ ಸೆಲೆ ಪಂಪಿಗಿಂತ ಮೇಲಿದ್ದರೆ ಹೊಸ ನೀರೆಲ್ಲ ನೇರವಾಗಿ ಬಾಯಿಗಿಳಿಯುತ್ತದೆ. ಮೋಟಾರಿನ ಸುತ್ತ ನಿಂತ ನೀರು ಬಿಸಿಯೇರುತ್ತಲೇ ಹೋಗುತ್ತದೆ. ನಮ್ಮ ಬಂಡೆನೆಲದಲ್ಲಿ ಇದು ಅಪರೂಪವೇನಲ್ಲ. ಆಗ ಮೋಟಾರಿಗೆ, ಬಾಯಿಯ ಮೇಲ್ಗಡೆ ಮುಚ್ಚಿ ಕೆಳಗಡೆ ತೆರೆದ ಕೊಳವೆಯೊಂದನ್ನು ಅಂಗಿಯಂತೆ ತೊಡಿಸಬೇಕು. ನೀರು ಕೆಳಗಿಳಿದು, ಮೋಟಾರನ್ನು ಬಳಸಿ ಮೇಲೇರುವಂತಾಗುತ್ತದೆ.