ಮಗುವಿಗೆ ವಿಜ್ಞಾನ ಪುಸ್ತಕ: ದಪ್ಪ ನೋಡಿ ದುಡ್ಡು ಕೊಡಬೇಡಿ

ಯಲಹಂಕ: ಬರ್ತ್‌ಡೇ ಗಿಫ್ಟ್ ಅಂತ ದಪ್ಪ ಎನ್‌ಸೈಕ್ಲೋಪೀಡಿಯಾ ತಂದರೆ ಅದು ಶೋಕೇಸ್ ಸೇರೋದೇ ಹೆಚ್ಚು. ಐದಾರು ವರ್ಷದ ಮಗುವಿಗೆ ಬೇಕಿರೋದು ನೂರು ಉತ್ತರ ಅಲ್ಲ, ಒಂದೇ ಪ್ರಶ್ನೆ ಹಿಡಿದು ಸಾಗೋ ಕಥೆ.

ಅಂಗಡಿಯಲ್ಲೇ ಒಂದು ಪುಟ ಓದಿ ಹೇಳಿ. ಮಗು ‘ಯಾಕೆ?’ ಅಂದರೆ ತಗೊಳ್ಳಿ, ಆಕಳಿಸಿದರೆ ವಾಪಸ್ ಇಡಿ. ಪೆಂಗ್ವಿನ್‌ಗಿಂತ ಮೊದಲು ಇರುವೆ, ಕೆರೆ, ಹಕ್ಕಿ ಇರಲಿ. ಪುಸ್ತಕದಲ್ಲಿ ಕಂಡ ಹೆಜ್ಜಾರ್ಲೆಯ ಕೊಕ್ಕಿನ ಚೀಲವನ್ನು ಜಕ್ಕೂರು ಕೆರೆ ಏರಿ ಮೇಲೆ ನಿಂತು ತೋರಿಸಬಹುದು. ಪೆಂಗ್ವಿನ್ ಎಲ್ಲಿಂದ ತರೋದು?

ಖರ್ಚು ಮಾಡೋಕೆ ಆಗದವರಿಗೂ ದಾರಿ ಇದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ವೆಬ್‌ಸೈಟಿನಲ್ಲಿ ಕನ್ನಡದ ವಿಜ್ಞಾನ ಕಥೆಗಳು ಉಚಿತ. ಓದುವ ಮಟ್ಟ ನಾಲ್ಕು: ಈಗಷ್ಟೇ ಅಕ್ಷರ ಕೂಡಿಸೋರಿಗೆ 1, ಸರಾಗವಾಗಿ ಓದೋರಿಗೆ 4. ವಯಸ್ಸು ನೋಡಬೇಡಿ, ಓದು ನೋಡಿ ಆರಿಸಿ. ಪುಸ್ತಕಗಳಿಗೆ ಓಪನ್ ಲೈಸೆನ್ಸ್ ಇರೋದರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಬಹುದು. ಝೆರಾಕ್ಸ್ ಅಂಗಡಿಯವರೂ ಕಾಪಿರೈಟ್ ಅಂತ ಹೆದರಬೇಕಿಲ್ಲ. ಕಲರ್ ಪ್ರಿಂಟ್ ದುಬಾರಿ ಅನ್ನಿಸಿದರೆ ಬ್ಲ್ಯಾಕ್ ಅಂಡ್ ವೈಟ್ ಸಾಕು, ಬಣ್ಣ ಮಗುವೇ ತುಂಬುತ್ತೆ.